‘ಅಯಾನೀಕರಣ’ ಶಬ್ದವಿಮರ್ಶೆ

ನಂಜನಗೂಡಿಗೆ ಗರಳಪುರಿಯೆಂಬುದೂ ತಿರುಮಕೂಡಲು ನರಸೀಪುರಕ್ಕೆ ತ್ರಿಮಕುಟಕ್ಷೇತ್ರವೆಂಬುದೂ ಸಂಸ್ಕೃತದಲ್ಲಿ ರೂಢವಾದ ಹೆಸರುಗಳು. ಎರಡೂ ಕಪಿಲಾತೀರದ ಊರುಗಳೇ ಆದರೂ ಈ ಹೆಸರುಗಳ ಕ್ರಮ ಬೇರೆ ಬೇರೆ. ನಂಜು ಗರಳವಾದಲ್ಲಿ ಧ್ವನಿ ಪೂರ್ತಿಯಾಗಿ ಬದಲಾಗಿ ಅರ್ಥವು ಉಳಿದಿದೆ. ಕೂಡಲೆಂಬುದಾದರೋ ಕಾವೇರೀ ಕಪಿಲೆಗಳ ಸಂಗಮವನ್ನು ಹೇಳುವ ಅಚ್ಚಗನ್ನಡ ಶಬ್ದ, ಮಕುಟವೆಂದರೆ ಕಿರೀಟ. ಇಲ್ಲಿ ಧ್ವನಿ ಹತ್ತಿರ, ಅರ್ಥ ದೂರ. ಕನ್ನಡದ ವಿಜ್ಞಾನಪಾಠಗಳಲ್ಲಿ ನೆಲೆಗೊಂಡಿರುವ ‘ಅಯಾನು’ ಶಬ್ದವು ಈ ಎರಡನೆಯ ಜಾತಿಗೆ ಸೇರಿದ್ದು.

1834ರಲ್ಲಿ ಮೈಕೆಲ್ ಫ್ಯಾರಡೆಯು ವಿಲಿಯಂ ಹ್ಯೂವೆಲ್ಲನ ಸಲಹೆಯಂತೆ ಈ ಹೆಸರನ್ನು ಗ್ರೀಕಿನಿಂದ ತೆಗೆದುಕೊಂಡನು. ‘ಹೋಗುವುದು’ ಎಂಬುದು ಅದರ ಅರ್ಥ. ಆ ಗ್ರೀಕ್ ಧಾತುವೂ ಪಾಣಿನೀಯರ ‘ಇಣ್’ ಧಾತುವೂ ಒಂದೇ ಮೂಲದವು. ಉತ್ತರಾಯಣದೊಳಗಿನ ‘ಅಯನ’ವು ಇದರ ನೆಂಟ. ಆದರೆ ಲಿಪ್ಯಂತರದಲ್ಲಿ ಒಂದು ಸ್ವರ ದೀರ್ಘವಾದುದರಿಂದ ಅನರ್ಥ ಸಂಭವಿಸಿದೆ. ಸಂಸ್ಕೃತಾಭ್ಯಾಸಿಯು ‘ಅಯಾನ’ವನ್ನು ನಞ್‌ಸಮಾಸವಾಗಿ ಬಿಡಿಸಿದರೆ ಯಾನವಿಲ್ಲದ್ದು, ಎಂದರೆ ಚಲಿಸದ್ದು, ಎಂದಾಗುತ್ತದೆ. ಚಲಿಸುವುದರ ಹೆಸರು ಚಲಿಸದ್ದನ್ನು ಸೂಚಿಸಿದರೆ ಪಾಠ ಹೇಳುವವನ ಗತಿಯೇನು?

‘ಈಕರಣ’ ಭಾಗ ಮಾತ್ರ ನಿರ್ದುಷ್ಟ. ಮುಂಚೆ ಹಾಗಿಲ್ಲದ್ದು ಹಾಗಾಗುವುದೇ ಚ್ವಿ ಪ್ರತ್ಯಯದ ಅರ್ಥ. ಪರಮಾಣುವು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನಾಗುವುದು ಅದೇ. ಪಠ್ಯಗಳಲ್ಲಿ ಬೇರೂರಿದ ಶಬ್ದವನ್ನು ಈಗ ಕೀಳುವುದು ಉಚಿತವಲ್ಲ. ಕೋಶಕಾರರು ಅದರ ಮುಂದೆ ವ್ಯುತ್ಪತ್ತಿಯನ್ನು ಬರೆದರೆ ದೋಷವು ಪರಿಹಾರವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಅಯಾನೀಕರಣವನ್ನೂ ಅನಿಲದ ‘ಭಂಗ’ವನ್ನೂ ಒಂದಾಗಿ ಕಾಣುವುದು. ಇವು ಬೇರೆಯೆಂಬುದನ್ನು ಲೇಸರ್ ಬೆಳಕು ಚೆನ್ನಾಗಿ ತೋರಿಸುತ್ತದೆ. 1963ರಲ್ಲಿ ಮೇಕರ್, ಟರ್ಹೂನ್, ಸ್ಯಾವೇಜ್ ಎಂಬ ವಿಜ್ಞಾನಿಗಳು ಮಾಣಿಕ್ಯ ಲೇಸರಿನ ತೀವ್ರ ಸ್ಪಂದವನ್ನು ಮಸೂರದಿಂದ ಗಾಳಿಯಲ್ಲಿ ಒಂದೆಡೆಗೆ ಕೂಡಿಸಿ ಕಿಡಿಯನ್ನು ಹುಟ್ಟಿಸಿದುದನ್ನು ಪ್ರಕಟಿಸಿದರು. ಆ ಬೆಳಕಿನ ಒಂದು ಫೋಟಾನಿಗೆ ಸುಮಾರು 1.79 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನನ್ನು ಬಿಡಿಸಲು 12.07, ಸಾರಜನಕಕ್ಕೆ 15.58 ಬೇಕು. ಆದುದರಿಂದ ಮೊದಲನೆಯದಕ್ಕೆ ಕನಿಷ್ಠ 7, ಎರಡನೆಯದಕ್ಕೆ 9 ಫೋಟಾನುಗಳು ಒಟ್ಟಿಗೇ ಸಲ್ಲಬೇಕು. ಇದು ಅಯಾನೀಕರಣ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನು ಸುತ್ತಲಿನ ಅಣುಗಳನ್ನು ತಾಕುತ್ತ ಬೆಳಕಿನಿಂದ ಶಕ್ತಿಯನ್ನು ಹೀರಿ, ಇನ್ನೊಂದು ಎಲೆಕ್ಟ್ರಾನನ್ನು ಹೊರಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಲವತ್ತು ಸಲ ಇಮ್ಮಡಿಸಿದರೆ ಸಂಖ್ಯೆಯು ಲಕ್ಷ ಕೋಟಿಯನ್ನು ಮೀರುತ್ತದೆ. ವಿದ್ಯುತ್ತನ್ನು ತಡೆಯುತ್ತಿದ್ದ ಗಾಳಿ ಆಗ ವಾಹಕವಾಗುತ್ತದೆ, ಬೆಳಗುತ್ತದೆ, ಚಟ್ಟನೆ ಸದ್ದು ಮಾಡುತ್ತದೆ. ಭಂಗವೆಂಬುದು ಇದು. ಸ್ಪಂದದ ಕಾಲ ಫೆಮ್ಟೋಸೆಕೆಂಡುಗಳಷ್ಟೇ ಆದರೆ ತಾಕಲಾಟಕ್ಕೆ ಸಮಯವೇ ಇರದು. ಅಯಾನೀಕರಣ ನಡೆದೀತು, ಈ ಪರಂಪರೆ ಬೆಳೆಯದು.

ಇಷ್ಟು ತಿಳಿದ ಮೇಲೆ ಭಂಗವನ್ನು ‘ಕುಸಿತ’ವೆಂದು ಬರೆಯುವುದು ಸರಿಯಲ್ಲವೆಂಬುದು ಸ್ಪಷ್ಟ. ಅಲ್ಲಿ ಕುಸಿಯುವ ಗೋಡೆಯೇನೂ ಇಲ್ಲ. ‘ವಿಘಟನೆ’ಯೂ ಸಲ್ಲದು; ಅಣುವು ಪರಮಾಣುಗಳಾಗಿ ಬೇರೆಯಾಗುವುದಕ್ಕೆ ಆ ಹೆಸರು ಸಂದಿದೆ. ಮುರಿದದ್ದು ಅನಿಲವಲ್ಲ, ಅದರ ನಿರೋಧಗುಣ. ಆದಕಾರಣ ‘ನಿರೋಧಭಂಗ’ವೆಂಬುದು ಯುಕ್ತತರ.

ತದ್ಭವ ದೇಶ್ಯಗಳನ್ನು ಕೀಳೆಂದೆಣಿಸುವ ಪಂಡಿತರು ಇನ್ನೊಂದು ಮಾತನ್ನು ಗಮನಿಸಬೇಕು. ಕಪಿಲೆಯ ದಡದ ಒಕ್ಕಲಿಗನು ಬೆಳಕನ್ನು ಮಿಂಚೆಂದೂ ಸದ್ದನ್ನು ಗುಡುಗೆಂದೂ ಬಡಿಯುವುದನ್ನು ಸಿಡಿಲೆಂದೂ ಬೇರ್ಪಡಿಸಿ ಹೇಳುತ್ತಾನೆ. ‘ಸಿಡಿ’ ಧಾತುವು ಚಿಮ್ಮಿ ಹೊರಡುವುದನ್ನೂ ಒಡೆಯುವುದನ್ನೂ ಹೇಳಬಲ್ಲುದು. ಸ್ವಿಟ್ಜರ್ಲೆಂಡಿನ ಸೆಂಟಿಸ್ ಶಿಖರದಲ್ಲಿ 2021ರಲ್ಲಿ, 124 ಮೀಟರು ಎತ್ತರದ ಗೋಪುರದ ಬಳಿ, ಸೆಕೆಂಡಿಗೆ ಸುಮಾರು 1000 ಲೇಸರ್ ಸ್ಪಂದಗಳನ್ನು ಆಕಾಶಕ್ಕೆ ಹಾಯಿಸಿ, ಗಾಳಿಯಲ್ಲಿ ಸಿಡಿಲಿಗೆ ಸುಮಾರು 50 ಮೀಟರು ದಾರಿ ಮಾಡಿಕೊಟ್ಟರು. 2023ರಲ್ಲಿ ಅದು ಪ್ರಕಟವಾಯಿತು. ಆ ದಾರಿಗೆ ‘ಸಿಡಿಲ್ದಾರಿ’ ಎಂದರೆ ನಂಜನಗೂಡಿನ ಸಂತೆಯಲ್ಲಿಯೂ ಅರ್ಥವಾಗುತ್ತದೆ.