ಪೆಟ್ಟು, ನಗೆ ಮತ್ತು ಹಿಟ್ಟಿನ ಕೋಳಿ

ಜಪಾನಿನ ರಂಗಹಾಸ್ಯದಲ್ಲಿ ‘ಮಾಂಜಾಯ್’ ಎಂಬುದೊಂದು ಪ್ರಕಾರ. ಒಬ್ಬನು ಪೆದ್ದನಂತೆ ತಪ್ಪು ನುಡಿಯುತ್ತಾನೆ. ಮತ್ತೊಬ್ಬನು ತಿದ್ದುವ ನೆಪದಲ್ಲಿ ಅವನ ತಲೆಗೊಂದು ಪೆಟ್ಟು ಕೊಡುತ್ತಾನೆ. ಕೆಲವೊಮ್ಮೆ ಇದಕ್ಕೆ ‘ಹರಿಸೆನ್’ ಎಂಬ ಮಡಿಕೆಗಳ ಕಾಗದದ ಬೀಸಣಿಗೆ ಬಳಕೆಯಾಗುತ್ತದೆ. ಸದ್ದು ಜೋರು, ನೋವು ಅತ್ಯಲ್ಪ. ಆ ದೇಶದ ಚಿತ್ರಕಥೆಗಳಲ್ಲಿ, ‘ಅನಿಮೆ’ ಎಂಬ ಚಲಿಸುವ ಚಿತ್ರಗಳಲ್ಲಿ, ಹದಿಹರೆಯದವರಿಗಾಗಿ ಸಚಿತ್ರವಾಗಿ ಹೊರಬರುವ ‘ಲೈಟ್ ನಾವೆಲ್’ಗಳಲ್ಲಿ ಕಾಣುವ ಹೊಡೆತದ ಹಾಸ್ಯಕ್ಕೂ ಈ ಜೋಡಿಯಾಟಕ್ಕೂ ಹತ್ತಿರದ ನಂಟಿದೆ. ಆದರೆ ಆಯುಧಗಳು ಬದಲಾಗಿವೆ. ರುಮಿಕೊ ತಾಕಾಹಾಶಿ ಅವರು 1978ರಲ್ಲಿ ಆರಂಭಿಸಿದ ‘ಉರುಸೆಯ್ ಯಾತ್ಸುರಾ’ದಲ್ಲಿ ಅನ್ಯಗ್ರಹದ ಲಮ್, ಸ್ತ್ರೀಲೋಲನಾದ ಅತಾರುವಿಗೆ ವಿದ್ಯುದಾಘಾತ ಕೊಡುತ್ತಾಳೆ. 1985ರ ‘ಸಿಟಿ ಹಂಟರ್’ನಲ್ಲಿ ಕಾವೊರಿಯ ಕೈಗೆ ದೈತ್ಯ ಸುತ್ತಿಗೆ ಬರುತ್ತದೆ. ಕ್ಷಣಮಾತ್ರದಲ್ಲಿ ಗಾಯ ಮಾಯ.

ಈ ಪ್ರವೃತ್ತಿಯ ತುತ್ತತುದಿ ಒಕಾಯು ಮಾಸಾಕಿ ಅವರ ‘ಬೊಕುಸಾತ್ಸು ತೆನ್ಶಿ ದೊಕುರೋ-ಚಾನ್’. 2003ರಲ್ಲಿ ಪುಸ್ತಕವಾಗಿ ಬಂದ ಈ ಕಥೆ 2005ರಲ್ಲಿ ಅನಿಮೆಯಾಯಿತು. ಹೆಸರಿನಲ್ಲೇ ‘ಬಡಿದು ಕೊಲ್ಲುವ ದೇವದೂತೆ’ ಎಂಬ ಅರ್ಥವಿದೆ. ಭವಿಷ್ಯಕಾಲದಿಂದ ಬಂದ ದೊಕುರೋ ಎಂಬಾಕೆ ಸಕುರಾ ಎಂಬ ಶಾಲಾಬಾಲಕನನ್ನು, ಸಿಟ್ಟು ಬಂದಾಗ ಮಾತ್ರವಲ್ಲ, ನಾಚಿಕೆಯಾದಾಗಲೂ ಮುಳ್ಳುಗದೆಯಿಂದ ಬಡಿದು ಕೊಲ್ಲುತ್ತಾಳೆ. ಮಂತ್ರ ಜಪಿಸಿ ಬದುಕಿಸುತ್ತಾಳೆ. ಅದೇ ಮತ್ತೆ, ಮತ್ತೆ. ಈ ಅತಿರೇಕ ಪ್ರಕಾರದ ಅಣಕವೆಂದು ಸಮರ್ಥಿಸುವವರುಂಟು. ಮಾತು ಅರ್ಧ ನಿಜ. ಅಣಕವು ಮೂಲದ ಪೊಳ್ಳುತನವನ್ನು ಬಯಲಿಗೆಳೆಯಬೇಕಷ್ಟೆ. ಇಲ್ಲಿ ಮೂರನೆಯ ಸಾವಿನ ಹೊತ್ತಿಗೆ ಉಳಿಯುವುದು ರಕ್ತದ ಕಾರಂಜಿ ಮತ್ತು ಅಭ್ಯಾಸದ ನಗೆ.

ಗೆರೆ–ಬಣ್ಣಗಳಲ್ಲಿ ಯಾರ ಪ್ರಾಣ ಹೋಯಿತು ಎಂಬ ಪ್ರಶ್ನೆ ಏಳುವುದು ಸಹಜ. ಜನ್ನನ ಯಶೋಧರನೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನೇ. ಸಂಕಲ್ಪದ ಹಿಂಸೆ ಅವನನ್ನು ಭವಭವಗಳಲ್ಲಿ ಅಲೆಸಿತು. ಆದರೆ ಆ ಕಥೆಯನ್ನು ಇಲ್ಲಿಗೆ ನೇರವಾಗಿ ಅನ್ವಯಿಸುವುದು ಅವಸರದ ತೀರ್ಪಾದೀತು. ಯಶೋಧರನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಚಿತ್ರ ನೋಡಿ ನಗುವ ಹುಡುಗನಲ್ಲಿ ಅದಿಲ್ಲ. ಅವನ ವಿಷಯದಲ್ಲಿ ನೆನೆಯಬೇಕಾದದ್ದು ಅನುಮೋದನೆಯನ್ನು, ಹಾಸ್ಯವನ್ನು ನೋಕಷಾಯಗಳಲ್ಲಿ ಎಣಿಸಿದ ಆಚಾರ್ಯರ ಸೂಕ್ಷ್ಮದೃಷ್ಟಿಯನ್ನು. ನಗೆಯೇ ದೋಷವೆಂದು ಮುಖ ಗಂಟಿಕ್ಕಬೇಕಾಗಿಲ್ಲ. ಕಾಗದದ ಬೀಸಣಿಗೆಗೆ ನಕ್ಕವನು ಪೆಟ್ಟು ತಿಂದವನ ಮುಖವನ್ನೂ ನೋಡುತ್ತಿರುತ್ತಾನೆ. ದೊಕುರೋ ಕಥೆಯಲ್ಲಿ ನೋಡಲು ಮುಖವೇ ಉಳಿಯುವುದಿಲ್ಲ. ಹೊಡೆಯುವವಳ ಒಲವಿಗೆ ಹೊಡೆತವೇ ಸಾಕ್ಷಿಯೆಂಬ ಸೂಚನೆಯಂತೂ ಇನ್ನೂ ಕೆಟ್ಟದ್ದು. ಪೆಟ್ಟು ತಿನ್ನುವವನು ಹುಡುಗನೆಂಬುದರಿಂದ ಅದು ಹಗುರವಾಗದು.

ಇದೇ ಪ್ರಕಾರದೊಳಗೆ ಬೇರೆ ದಾರಿಯೂ ಇದೆಯೆಂಬುದಕ್ಕೆ ಯುಯುಕೊ ತಾಕೆಮಿಯಾ ಅವರ ‘ತೊರಾದೊರಾ!’ (2006–2009) ನಿದರ್ಶನ. ಆರಂಭದಲ್ಲಿ ತಾಯ್ಗಾ ಎಂಬ ಹುಡುಗಿ, ತಪ್ಪಿ ಸಹಪಾಠಿ ರ್ಯೂಜಿಯ ಚೀಲ ಸೇರಿದ ಪ್ರೇಮಪತ್ರಕ್ಕಾಗಿ, ರಾತ್ರಿ ಅವನ ಮನೆಗೆ ನುಗ್ಗಿ ಮರದ ಕತ್ತಿ ಬೀಸುತ್ತಾಳೆ. ಲಕೋಟೆ ಬರಿದಾಗಿತ್ತು! ಹಸಿವಿನಿಂದ ಕುಸಿದ ಅವಳಿಗೆ ರ್ಯೂಜಿ ಅನ್ನ ಹುರಿದು ಬಡಿಸುತ್ತಾನೆ. ಇಲ್ಲಿ ಓದುಗನು ನಗುತ್ತಾನೆ. ಮುಂದೆ, ತನ್ನ ಗೆಳೆಯನ ಮನಸ್ಸನ್ನು ನೋಯಿಸಿದಳೆಂದು ಹಿರಿಯ ವಿದ್ಯಾರ್ಥಿನಿ ಸುಮಿರೆಯ ತರಗತಿಗೆ ತಾಯ್ಗಾ ಮತ್ತೆ ಮರದ ಕತ್ತಿ ಹಿಡಿದು ನುಗ್ಗುತ್ತಾಳೆ. ಈ ಸಲ ಗಾಯಗಳು ಮಾಯುವುದಿಲ್ಲ. ಇಬ್ಬರೂ ಅಳುತ್ತಾರೆ, ತಾಯ್ಗಾಳನ್ನು ಶಾಲೆಯಿಂದ ಕೆಲಕಾಲ ಹೊರಗಿಡಲಾಗುತ್ತದೆ. ಆ ಪುಟಗಳಲ್ಲಿ ಯಾರೂ ನಗುವುದಿಲ್ಲ.