ಕೊಲೆಗಾರ ಸಿಕ್ಕ ಮೇಲೆ ಶುರುವಾಗುವ ಓದು

ಅಗಾಥಾ ಕ್ರಿಸ್ಟಿಯ ಕಾದಂಬರಿ ಓದಿ ಮುಗಿಸಿದವರ ಬಾಯಲ್ಲಿ ಬರುವುದು ಎರಡೇ ಮಾತು: 'ನಂಗೆ ಅರ್ಧಕ್ಕೇ ಗೊತ್ತಾಯ್ತು', ಇಲ್ಲವೇ 'ಕೊನೇವರೆಗೂ ಗೊತ್ತಾಗ್ಲಿಲ್ಲ'. ಇದನ್ನೇ ನಾಲ್ಕು ಸಾಲಿಗೆ ಎಳೆದು, ನಕ್ಷತ್ರ ಅಂಟಿಸಿ, ವಿಮರ್ಶೆ ಎಂದು ಕರೆಯುತ್ತಾರೆ. ಕಛೇರಿ ಕೇಳಿ ಬಂದವರು ಮಂಗಳ ಎಷ್ಟು ಹೊತ್ತಿಗೆ ಹಾಡಿದರು ಎಂದಷ್ಟೇ ವರದಿ ಮಾಡಿದ ಹಾಗಾಯಿತು. 66 ಪತ್ತೇದಾರಿ ಕಾದಂಬರಿ, 14 ಕಥಾಸಂಕಲನ ಬರೆದ ಹೆಂಗಸು ಇಷ್ಟೇ ಗೌರವಕ್ಕೆ ಯೋಗ್ಯಳೇ?

1945ರಲ್ಲಿ ಎಡ್ಮಂಡ್ ವಿಲ್ಸನ್ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ, ಕ್ರಿಸ್ಟಿಯ ಕಾದಂಬರಿಯ ರೋಜರ್ ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು ಎಂದು ಕೇಳಿ ಈ ಇಡೀ ಪ್ರಕಾರವನ್ನೇ ತಳ್ಳಿಹಾಕಿದ. ಅಷ್ಟು ದೊಡ್ಡ ವಿಮರ್ಶಕನೂ ಪುಸ್ತಕದ ಜೀವ 'ಯಾರು' ಎಂಬುದರಲ್ಲೇ ಇದೆ ಎಂದುಕೊಂಡ. ಜೀವ ಇರುವುದು ಬಚ್ಚಿಡುವ ಕಲೆಯಲ್ಲಿ.

ನನಗೆ ಇದು ಹೊಳೆದದ್ದು ಅವೆನ್ಯೂ ರಸ್ತೆಯಲ್ಲಿ ಕೊಂಡ 'ಆಫ್ಟರ್ ದ ಫ್ಯೂನರಲ್' (1953) ಪುಸ್ತಕದ ಹಳೇ ಪ್ರತಿಯಿಂದ. ಮೊದಲ ಪುಟದಲ್ಲೇ ಯಾರೋ ಕೊಲೆಗಾರರ ಹೆಸರು ಗೀಚಿದ್ದರು. ಸಿಟ್ಟಿನಲ್ಲೇ ಓದತೊಡಗಿದೆ. ಅಂತ್ಯಕ್ರಿಯೆ ಮುಗಿಸಿ ಕೂತ ಬಂಧುಗಳ ನಡುವೆ ಕೋರಾ ಎಂಬವಳು, ಸತ್ತವನು ಕೊಲೆಯಾದವನಲ್ಲವೇ ಎಂಬರ್ಥದ ಮಾತನ್ನು ಸರಾಗವಾಗಿ ಆಡಿಬಿಡುತ್ತಾಳೆ. ಮರುದಿನ ಅವಳದೇ ಕೊಲೆ. ಮನೆಯವರು, ವಕೀಲ, ಓದುಗರು ಎಲ್ಲರೂ ಆ ಮಾತಿನ ಬೆನ್ನು ಹತ್ತುತ್ತಾರೆ. ಹೆಸರು ಗೊತ್ತಿದ್ದ ನಾನೊಬ್ಬ ಬೇರೆ ಕಡೆ ನೋಡುತ್ತಿದ್ದೆ. ಅಲ್ಲಿ ಎಲ್ಲವೂ ಬಟ್ಟಬಯಲಾಗಿತ್ತು! ಒಂದು ಸಾಲೂ ಸುಳ್ಳಲ್ಲ, ಒಂದು ಸಾಲೂ ದಂಡವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜತೆ ಉಸಿರು ಬಿಗಿಹಿಡಿದು ಓಡಿ ಕಲಿತ ನನ್ನಂಥವನಿಗೆ ನಿಧಾನವಾಗಿ ಓದುವುದೂ ಒಂದು ಸುಖ ಎಂದು ತಿಳಿದದ್ದು ಆ ರಾತ್ರಿ.

ಆದ್ದರಿಂದ ಮನೆವಾರ್ತೆ ಓದಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಕಲ್ಲಿದ್ದಲು, ಬೆಣ್ಣೆ, ಕೆಲಸದವರ ಸಂಬಳ, ಹೂದಾನಿಯ ನೀರು ಎಂದು ಕ್ರಿಸ್ಟಿಯ ಪಾತ್ರಗಳು ಹರಟುವಾಗ ಹೊಸ ಓದುಗರು ಪುಟ ಹಾರಿಸುತ್ತಾರೆ. ಆಕೆ ಕಾದು ಕೂತಿರುವುದೇ ಅದಕ್ಕೆ. 'ಎ ಮರ್ಡರ್ ಈಸ್ ಅನೌನ್ಸ್ಡ್' (1950) ನೋಡಿ. ಶುಕ್ರವಾರ ಅಕ್ಟೋಬರ್ 29ರ ಸಂಜೆ 6.30ಕ್ಕೆ ಲಿಟಲ್ ಪ್ಯಾಡಕ್ಸ್ ಮನೆಯಲ್ಲಿ ಕೊಲೆ ನಡೆಯಲಿದೆ ಎಂದು ಊರ ಪತ್ರಿಕೆಯಲ್ಲಿ ಜಾಹೀರಾತು. ಕುತೂಹಲಕ್ಕೆ ಬಂದ ನೆರೆಹೊರೆಯವರು, ಓಹೋ, ಆಗಲೇ ಸೆಂಟ್ರಲ್ ಹೀಟಿಂಗ್ ಹಾಕಿಬಿಟ್ಟಿದ್ದೀರಿ ಎನ್ನುತ್ತಾರೆ. ಇಂಗ್ಲಿಷರ ಹವಾಮಾನದ ಹರಟೆ ಎಂದು ಮುಂದೆ ಹೋದರೆ ಕೆಟ್ಟಿರಿ. ಯುದ್ಧ ಮುಗಿದು ಐದು ವರ್ಷವಾದರೂ ಬ್ರಿಟನ್ನಿನಲ್ಲಿ ಕಲ್ಲಿದ್ದಲಿಗೆ ರೇಷನ್ ಇತ್ತು. ಊಟದ ಸಾಮಗ್ರಿಯ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಅಂಥ ಕಾಲದಲ್ಲಿ ಆ ಮಾತು ತೀರಾ ಸಹಜ, ಯಾರ ಕಿವಿಯೂ ನೆಟ್ಟಗಾಗುವುದಿಲ್ಲ. ಈಗ ಯೋಚಿಸಿ: ಹೀಟಿಂಗ್ ಇದ್ದರೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಬೇಕಿಲ್ಲ. ಬೆಂಕಿಯಿಲ್ಲದ ಕೋಣೆಯಲ್ಲಿ ದೀಪ ಆರಿದರೆ? ಇದರ ಮುಂದೆ ಹೇಳಲಾರೆ. ಅದೇ ಪುಸ್ತಕದಲ್ಲಿ ಪತ್ತೆ ಹಚ್ಚುವ ಮಿಸ್ ಮಾರ್ಪಲ್ ಇನ್ನೊಂದು ಸೂಕ್ಷ್ಮ ತೆಗೆಯುತ್ತಾಳೆ. ಯುದ್ಧಕ್ಕೆ ಮುಂಚೆ ಹಳ್ಳಿಗೆ ಬಂದವರ ಹಿಂದುಮುಂದು ಯಾರಿಗಾದರೂ ಗೊತ್ತಿರುತ್ತಿತ್ತು. ಈಗ ಬಂದವರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನೇ ನಂಬಬೇಕು. ಒಡೆದುಹೋದ ಒಂದು ಸಮಾಜವೇ ಅಲ್ಲಿ ಸುಳಿವಾಗಿ ಕೂತಿದೆ. ಇಂಥದ್ದನ್ನು ಬರೆದವಳನ್ನು ಕಾಲಹರಣದ ಲೇಖಕಿ ಎನ್ನುವವರಿಗೆ ಏನು ಹೇಳಲಿ!

'ಓರಿಯೆಂಟ್ ಎಕ್ಸ್‌ಪ್ರೆಸ್' ಸಿನಿಮಾ ನೋಡಿ ಕ್ರಿಸ್ಟಿ ಗೊತ್ತು ಎನ್ನುವವರ ಜತೆ ನಾನು ವಾದಕ್ಕಿಳಿಯುವುದಿಲ್ಲ. ರೈಲು, ಹಿಮ, ಪತ್ತೇದಾರ ಪ್ವಾರೋನ ಮೀಸೆ, ಅಷ್ಟೇ ಅವರಿಗೆ ಸಿಕ್ಕಿದ್ದು. ಇನ್ನು ಕ್ರಿಸ್ಟಿಯ ಕಥೆಗಳಲ್ಲಿ ಬರುವ ವಿಷದ ವಿಚಾರ: ಮೊದಲ ಮಹಾಯುದ್ಧದಲ್ಲಿ ಆಕೆ ಟಾರ್ಕಿಯ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದವಳು, ಲೆಕ್ಕ ತಪ್ಪುವುದು ಅಪರೂಪ. 1920ರ ಮೊದಲ ಕಾದಂಬರಿಗೆ ಔಷಧಶಾಸ್ತ್ರದ ಪತ್ರಿಕೆಯಲ್ಲೇ ಮೆಚ್ಚುಗೆಯ ವಿಮರ್ಶೆ ಬಂದಿತ್ತು.

ವಿಮರ್ಶೆ ಬರೆಯುವವರು ಕೊಲೆಗಾರರ ಹೆಸರು ಬಿಟ್ಟುಕೊಡಬಾರದು. ಲಂಡನ್ನಿನಲ್ಲಿ 1952ರಲ್ಲಿ ಶುರುವಾದ 'ದ ಮೌಸ್‌ಟ್ರ್ಯಾಪ್' ನಾಟಕದ ಕೊನೆಯಲ್ಲಿ ಪ್ರೇಕ್ಷಕರನ್ನು ಗುಟ್ಟು ಕಾಪಾಡಿ ಎಂದೇ ಕೇಳಿಕೊಳ್ಳುತ್ತಾರೆ. ಮೋಸಹೋಗುವ ಮೊದಲ ಸುಖ ಪ್ರತಿಯೊಬ್ಬ ಓದುಗನ ಹಕ್ಕು. ಹೆಸರಿಲ್ಲದೆಯೂ ಬರೆಯುವುದಕ್ಕೆ ಬೇಕಾದಷ್ಟಿದೆ. ಗುಟ್ಟು ಕಾಲದಲ್ಲಿ ಅಡಗಿದೆಯೋ, ಸಂಬಂಧದಲ್ಲೋ, ಕೇಳಿಸಿಕೊಂಡ ಅರ್ಧ ಮಾತಿನಲ್ಲೋ? ಎರಡನೇ ಕೊಲೆ ಕಥೆಗೆ ಬೇಕಿತ್ತೋ, ಸಪ್ಪೆಯಾದ ನಡುಭಾಗಕ್ಕೆ ಖಾರ ಹಾಕಲು ಬಂತೋ? ಅಭಿಮಾನಕ್ಕೆ ಕಟ್ಟುಬಿದ್ದು ಎಲ್ಲವನ್ನೂ ಹೊಗಳಲೂಬೇಡಿ. 1970ರ 'ಪ್ಯಾಸೆಂಜರ್ ಟು ಫ್ರಾಂಕ್‌ಫರ್ಟ್', 1973ರ 'ಪೋಸ್ಟರ್ನ್ ಆಫ್ ಫೇಟ್' ಬಿಗಿ ಸಡಿಲಿದ ಪುಸ್ತಕಗಳು, ಹಾಗೆಂದೇ ಬರೆಯಿರಿ.

ಶುರುಮಾಡುವವರಿಗೆ ನಾನು ಕೊಡುವುದು 'ಫೈವ್ ಲಿಟಲ್ ಪಿಗ್ಸ್'. ಹದಿನಾರು ವರ್ಷ ಹಳೆಯ ಕೊಲೆ, ಶಿಕ್ಷೆಯೂ ಆಗಿಹೋಗಿದೆ. ಬೆನ್ನಟ್ಟುವಿಕೆ ಇಲ್ಲ, ಬಂದೂಕಿಲ್ಲ. ಅಂದು ಅಲ್ಲಿದ್ದ ಐವರು ತಮಗೆ ನೆನಪಿರುವುದನ್ನು ಪ್ವಾರೋಗೆ ಬರೆದುಕೊಡುತ್ತಾರೆ. ಐವರ ಬರಹ ಎಲ್ಲಿ ಬೇರೆಯಾಗುತ್ತದೆ ಎಂದು ಹುಡುಕುವುದು ಎಲ್ಲರೂ ಮಾಡುವ ಕೆಲಸ. ನೀವು ಯಾರೂ ತಕರಾರೆತ್ತದೆ ಒಪ್ಪಿಕೊಂಡು ಮುಂದೆ ಹೋದ ಜಾಗಗಳನ್ನು ಹುಡುಕಿ.