ಎರಡು ಎಕರೆ ಐದು ಗುಂಟೆ

ಮಳವಳ್ಳಿ ಕಡೆಯ ರೈತರೊಬ್ಬರಿಗೆ ಎರಡು ಸರ್ವೆ ನಂಬರಿನಲ್ಲಿ ಜಮೀನಿದೆ ಅಂದುಕೊಳ್ಳಿ. ಒಂದು 2-25, ಇನ್ನೊಂದು 1-30. ಒಟ್ಟು ಎಷ್ಟೆಂದು ಊರಿನಲ್ಲಿ ಯಾರನ್ನು ಕೇಳಿದರೂ ಬಾಯಿಲೆಕ್ಕದಲ್ಲೇ ನಾಲ್ಕು ಎಕರೆ ಹದಿನೈದು ಗುಂಟೆ ಎನ್ನುತ್ತಾರೆ. ಇದೇ ಲೆಕ್ಕವನ್ನು ಪ್ರೋಗ್ರಾಮಿಂಗ್ ಕಲಿಯಲು ಈಗಷ್ಟೇ ಕೂತವರಿಗೆ ಕೊಟ್ಟು ನೋಡಿ. ನಡುವಿನ ಗೆರೆಯನ್ನು ಚುಕ್ಕಿ ಮಾಡಿಕೊಂಡು, ಎರಡನ್ನೂ ದಶಾಂಶ ಸಂಖ್ಯೆಯೆಂದು ಓದಿಸಿ, 3.55 ಎಂದು ತೋರಿಸುವವರೇ ಹೆಚ್ಚು. ಐವತ್ತೈದು ಗುಂಟೆ ಎಂಬ ಅಳತೆಯೇ ಇಲ್ಲ, ನಲವತ್ತಕ್ಕೆ ಎಕರೆ ತುಂಬುತ್ತದೆ. ಕೂಡುವುದರಲ್ಲಿ ಕಂಪ್ಯೂಟರ್ ಎಲ್ಲೂ ಎಡವಿಲ್ಲ. 2-25 ಎನ್ನುವುದು ಎರಡು ಬೇರೆ ಅಂಕಿ ಎಂದು ಅದಕ್ಕೆ ಯಾರೂ ತಿಳಿಸಲಿಲ್ಲ, ಅಷ್ಟೆ.

ಮೊದಲ ವರ್ಷದ ಪಾಠಗಳಲ್ಲಿ ಲೆಕ್ಕಕ್ಕೆ ಸಿಗುವ ಗೌರವ, ಓದಿಸಿಕೊಳ್ಳುವುದಕ್ಕೂ ಬರೆದು ತೋರಿಸುವುದಕ್ಕೂ ಸಿಗುವುದಿಲ್ಲ ಎಂಬುದು ನನ್ನ ಬಹುಕಾಲದ ಕೊರಗು. ‘ಎಂಟರ್ ಟು ನಂಬರ್ಸ್’ ಎಂದು ಕೇಳಿ ಮೊತ್ತ ತೋರಿಸಿದರೆ ಅಧ್ಯಾಯ ಮುಗಿಯಿತು. ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಅಂದಿನಿಂದಲೂ ಸುತ್ತಲಿನ ಹಳ್ಳಿಗಳ ಮಕ್ಕಳು ಎಂಜಿನಿಯರಿಂಗ್ ಕಲಿಯುತ್ತಿದ್ದಾರೆ. ಇವರ ಮನೆಯ ಕಪಾಟಿನಲ್ಲೇ ಪಹಣಿಯಿದೆ, ಡೇರಿಯ ಚೀಟಿಯಿದೆ. ಇನ್‌ಪುಟ್ ಔಟ್‌ಪುಟ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸರಕು ಪಠ್ಯಪುಸ್ತಕದಲ್ಲಿ ನಾನು ಕಂಡಿಲ್ಲ.

ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯನ್ನೇ ತೆಗೆದುಕೊಳ್ಳಿ. ಸ್ಕ್ಯಾನ್‌ಎಫ್‌ನಲ್ಲಿ, ಲ್ಯಾಬಿನ ಮಾತಲ್ಲೇ ಹೇಳುವುದಾದರೆ, ‘ಪರ್ಸೆಂಟ್ ಡಿ ಪರ್ಸೆಂಟ್ ಡಿ’ ಎಂದು ಎರಡು ಪೂರ್ಣಾಂಕ ಕೇಳಿದ್ದೀರಿ. ಕೂತವರು ಎರಡು ಎಕರೆ ಐದು ಗುಂಟೆಯನ್ನು 2-05 ಎಂದು ಟೈಪ್ ಮಾಡುತ್ತಾರೆ. ಮೊದಲ ಪರ್ಸೆಂಟ್ ಡಿ 2 ತೆಗೆದುಕೊಂಡು ಗೆರೆಯ ಮುಂದೆ ನಿಲ್ಲುತ್ತದೆ. ಎರಡನೆಯದು ಆ ಗೆರೆಯಿಂದಲೇ ಓದಲು ತೊಡಗುತ್ತದೆ. ಅದರ ಕಣ್ಣಿಗೆ ಅದು ಮೈನಸ್ ಚಿಹ್ನೆ! ಗುಂಟೆ ಮೈನಸ್ ಐದಾಯಿತು. ಎಂಬತ್ತೈದು ಗುಂಟೆ ಇರಬೇಕಾದಲ್ಲಿ ಎಪ್ಪತ್ತೈದು, ಅಂದರೆ ಕಾಲು ಎಕರೆ ಕಾಣೆ. ದೂರು ಹೇಳುವ ಒಂದು ಸಾಲೂ ತೆರೆಯ ಮೇಲೆ ಬರುವುದಿಲ್ಲ. ಎಷ್ಟು ಅಂಕಿ ಸಿಕ್ಕವೆಂದು ಸ್ಕ್ಯಾನ್‌ಎಫ್ ಹಿಂತಿರುಗಿಸುವ ಸಂಖ್ಯೆಯನ್ನು ಪರೀಕ್ಷಿಸಿ ಎಂದು ಒಳ್ಳೆಯ ಮೇಷ್ಟ್ರುಗಳು ಹೇಳಿಕೊಡುತ್ತಾರೆ. ಹೇಳಿಕೊಡಲೇಬೇಕು. ಆದರೆ ಇಲ್ಲಿ ಅದೂ ಎರಡು ಎಂದೇ ಹೇಳುತ್ತದೆ. ಎರಡು ಪರ್ಸೆಂಟ್ ಡಿಗಳ ನಡುವೆ ಗೆರೆಯನ್ನೂ ಬರೆದುಕೊಳ್ಳಬೇಕು, ಆಮೇಲೆ ಗುಂಟೆ ಸೊನ್ನೆಯಿಂದ ಮೂವತ್ತೊಂಬತ್ತರೊಳಗೆ ಇದೆಯೇ ಎಂದು ಬೇರೆಯಾಗಿ ನೋಡಬೇಕು. ಜಮೀನು ಗೊತ್ತಿರುವವರಿಗೆ ಮಾತ್ರ ಹೊಳೆಯುವ ಪರೀಕ್ಷೆ ಅದು. ಇನ್ನೊಂದು ಮಾತು: ಪರ್ಸೆಂಟ್ ಡಿ ಬದಲು ಪರ್ಸೆಂಟ್ ಐ ಹಾಕಿದವರಿಗೆ 2-08ರಲ್ಲಿ ಎಂಟು ಗುಂಟೆಯೂ ಸಿಗದು. ಮುಂದೆ ಸೊನ್ನೆ ಕಂಡ ಕೂಡಲೇ ಅದು ಎಂಟರ ಮಾನದ ಲೆಕ್ಕಕ್ಕೆ ಹೊರಳುತ್ತದೆ, ಆ ಮಾನದಲ್ಲಿ 8 ಎಂಬ ಅಂಕಿಯೇ ಇಲ್ಲದ್ದರಿಂದ ಸೊನ್ನೆಯಷ್ಟನ್ನೇ ಓದಿ ನಿಲ್ಲುತ್ತದೆ.

ಪೈಥಾನ್‌ನಲ್ಲಿ ಇನ್‌ಪುಟ್ ತಂದುಕೊಡುವುದು ಸ್ಟ್ರಿಂಗ್ ಮಾತ್ರ. ಗೆರೆಯ ಬಳಿ ತುಂಡು ಮಾಡಿ, ಎರಡನ್ನೂ ಪೂರ್ಣಾಂಕವಾಗಿಸುವುದು ನಮ್ಮ ಕೆಲಸ. ಹೊಸಬರಿಗೆ ನಾನು ಇದನ್ನೇ ಮೊದಲು ಹೇಳುವುದು, ಏಕೆಂದರೆ ಬಂದದ್ದು ಬರೀ ಅಕ್ಷರ ಎಂಬ ಸತ್ಯವನ್ನು ಅದು ಮುಚ್ಚಿಡುವುದಿಲ್ಲ. ಇನ್ನೊಂದು ಖುಷಿಯೂ ಇದೆ. ಅದರ ‘ಇಂಟ್’ ಕನ್ನಡ ಅಂಕಿಯನ್ನು ಹಾಗೇ ಒಪ್ಪುತ್ತದೆ, ೨೫ ಎಂದು ಟೈಪ್ ಮಾಡಿದರೂ ಇಪ್ಪತ್ತೈದೇ.

ಬರೆದು ತೋರಿಸುವ ಕಡೆಗೆ ಬಂದರೆ, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಮನ್‌ಮುಲ್‌ಗೆ ಹಾಲು ಕಳಿಸುವ ಯಾವುದೇ ಹಳ್ಳಿಯ ಡೇರಿಯ ಮುಂದೆ ನಿಲ್ಲಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲವೂ ಅಂಗೈಯಗಲದ ಚೀಟಿಯಲ್ಲಿ. ಬೆಳಗಿನ ಸಾಲಿನಲ್ಲಿ ನಿಂತವರು ಅದನ್ನು ನಡೆಯುತ್ತಲೇ ಓದಿ ಮುಗಿಸುತ್ತಾರೆ. ಅದೇ 4.1 ಫ್ಯಾಟನ್ನು ಬರೀ ‘ಪರ್ಸೆಂಟ್ ಎಫ್’ ಎಂದು ಅಚ್ಚು ಹಾಕಿಸಿದರೆ ಸಿ ಕೊಡುವುದು 4.100000. ಹಾಲು ಅಳೆದ ಯಂತ್ರಕ್ಕೆ ಅಷ್ಟು ಸೂಕ್ಷ್ಮ ಗೊತ್ತಿಲ್ಲ, ಆ ಸೊನ್ನೆಗಳು ಸುಳ್ಳು ಹೇಳುತ್ತಿವೆ. ಫ್ಯಾಟಿಗೆ ಒಂದು ದಶಾಂಶ, ರೂಪಾಯಿಗೆ ಎರಡು. ಗುಂಟೆಗೆ ‘ಪರ್ಸೆಂಟ್ ಝೀರೋ ಟು ಡಿ’, ಆಗಷ್ಟೇ ಐದು ಗುಂಟೆ 05 ಆಗಿ ನಿಲ್ಲುತ್ತದೆ. 4-5 ಎಂದು ಬಿಟ್ಟರೆ ಒಬ್ಬರು ನಾಲ್ಕೂವರೆ ಎಂದು ಓದುತ್ತಾರೆ, ಇನ್ನೊಬ್ಬರು ಐದರ ಹಿಂದೆ ಮೂರು ತಿದ್ದಿ ಮೂವತ್ತೈದು ಗುಂಟೆ ಮಾಡುತ್ತಾರೆ.

ಅಂಕಿಗಳನ್ನು ಇಂತಿಷ್ಟೇ ಅಗಲದಲ್ಲಿ ಸಾಲಾಗಿ ನಿಲ್ಲಿಸುವ ಹಂಬಲ 1957ರ ಫೋರ್ಟ್ರಾನ್‌ನಷ್ಟು ಹಳೆಯದು. ಊರಿನ ಹೆಸರು ಕನ್ನಡದಲ್ಲಿದ್ದರೆ ಮಾತ್ರ ಆ ಸಾಲು ಕೆಡುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ನಮ್ಮ ಕಣ್ಣಿಗೆ ಎರಡು, ಮೂರು, ನಾಲ್ಕು ಅಕ್ಷರ. ಅನುಸ್ವಾರ, ಒತ್ತು, ಗುಣಿತ ಎಲ್ಲವನ್ನೂ ಬಿಡಿಯಾಗಿ ಎಣಿಸುವ ಪೈಥಾನ್‌ಗೆ ಐದು, ಏಳು, ಏಳು. ಯುಟಿಎಫ್-8ರ ಬೈಟುಗಳನ್ನು ಎಣಿಸುವ ಸಿ ಭಾಷೆಗೆ ಹದಿನೈದು, ಇಪ್ಪತ್ತೊಂದು, ಇಪ್ಪತ್ತೊಂದು. ಹೆಸರಿಗೆ ಹತ್ತು ಸ್ಥಾನ ಕೊಟ್ಟರೆ ಮೂರೂ ಅದನ್ನು ದಾಟಿದವೆಂದು ಸಿ ಒಂದೂ ಖಾಲಿ ಜಾಗ ಸೇರಿಸುವುದಿಲ್ಲ. ಅಕ್ಷರ ಎಣಿಸುವ ಕೋಡ್ ಬರೆದರೂ ಸಾಲದು, ‘ಳ್ಳಿ’ ಹಿಡಿಯುವ ಜಾಗವೇ ಬೇರೆ, ‘ರು’ ಹಿಡಿಯುವುದೇ ಬೇರೆ. ಕಲಿಯುವ ದಿನಗಳಲ್ಲಿ ಸುಲಭದ ದಾರಿ, ಅಂಕಿಗಳನ್ನೆಲ್ಲ ಎಡಕ್ಕೆ ಹಾಕಿ ಹೆಸರನ್ನು ಸಾಲಿನ ಕೊನೆಗೆ ಕೂರಿಸುವುದು. ಅಲ್ಲಿ ಅದು ಎಷ್ಟು ಉದ್ದ ಚಾಚಿದರೂ ಯಾರಿಗೂ ತೊಂದರೆಯಿಲ್ಲ. ಲಕ್ಷಕ್ಕೆ ಅಲ್ಪವಿರಾಮ ಹಾಕುವ ವಿಚಾರದಲ್ಲೂ ಎಚ್ಚರವಿರಲಿ, ಪೈಥಾನ್ ತಾನಾಗಿ ಹಾಕುವುದು ಮೂರು ಮೂರು ಅಂಕಿಗೆ. 12,34,567 ಬೇಕಾದವರು ತಾವೇ ಬರೆದುಕೊಳ್ಳಬೇಕು.

ಈ ವಾರದ ಅಭ್ಯಾಸಕ್ಕೆ ಆಣೆಯನ್ನೂ ಸೇರಿಸಿಕೊಳ್ಳಿ. ಹದಿನಾರು ಆಣೆಗೆ ಒಂದು ಗುಂಟೆ. ಬಂದದ್ದನ್ನೆಲ್ಲ ಮೊದಲು ಆಣೆಗೆ ಇಳಿಸಿ, ಪೂರ್ಣಾಂಕದಲ್ಲೇ ಕೂಡಿ, ಕೊನೆಯಲ್ಲಿ ಎಕರೆ ಗುಂಟೆಗೆ ಏರಿಸಿ. ಒಂದನ್ನು 2-25-10 ಎಂದೂ ಇನ್ನೊಂದನ್ನು ಕನ್ನಡದಲ್ಲಿ ೧-೧೪-೦೬ ಎಂದೂ ಕೊಟ್ಟು ನೋಡಿ. ತೆರೆಯ ಮೇಲೆ 4-00-00 ಬರಬೇಕು. 3-40-00 ಬಂದರೆ ಭಾಗಾಕಾರ ನೋಡಿ, 4-0-0 ಬಂದರೆ ಪ್ರಿಂಟ್ ಮಾಡುವ ಸಾಲು.